63ನೇ ಗಂಟೆಗೆ ಬಂದ ಹೆಣ್ಣುಮಗಳು: ಲೈಂಗಿಕ ಹಿಂಸೆಯ ನಂತರದ ಆರು ತಿಂಗಳ ಆರೈಕೆ, ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವ ಹೆಣ್ಣುಮಗಳು ನಿಜವಾಗಿ ಇರುವ ಒಬ್ಬ ವ್ಯಕ್ತಿಯಲ್ಲ. ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಸೀಮೆಯಂಥ ಕಡೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಕೂಡಿಸಿ ಕಟ್ಟಿದ ಪ್ರಕರಣ ಇದು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅಪರಾಧ. ಆದ್ದರಿಂದ ಹೆಸರು, ಊರು, ತಾಲ್ಲೂಕು ಆಸ್ಪತ್ರೆ ಯಾವುದೂ ಇಲ್ಲಿ ಬರುವುದಿಲ್ಲ. ಔಷಧ, ಪ್ರಮಾಣ, ಕಾಲಮಿತಿ, ಕಾನೂನು ಮಾತ್ರ ಇದ್ದದ್ದು ಇದ್ದ ಹಾಗೆ ಇವೆ.

ಫೆಬ್ರುವರಿ ತಿಂಗಳು, ಬುಧವಾರ ಬೆಳಿಗ್ಗೆ ಹತ್ತೂವರೆ. ಹೊರರೋಗಿ ವಿಭಾಗದಲ್ಲಿ ಬಾಗಿಲ ತನಕ ಸರದಿ. 32 ವರ್ಷದ ಹೆಣ್ಣುಮಗಳು ನೆಗೆಣ್ಣಿಯ ಜೊತೆ ಬಂದಿದ್ದಾಳೆ. ಮಂಡಿಗೆ ಬಂದ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ. ಇಬ್ಬರು ಮಕ್ಕಳು. ಚೀಟಿಯಲ್ಲಿ ಬರೆಸಿದ್ದು ಇಷ್ಟೇ: ಹೊಟ್ಟೆನೋವು, ಬಿಳಿಸೆರಗು, ಉರಿಮೂತ್ರ. ಇಂಥ ಚೀಟಿಗಳು ದಿನಕ್ಕೆ ಹತ್ತಾರು ಬರುತ್ತವೆ. ಎರಡು ನಿಮಿಷದಲ್ಲಿ ಒಂದು ಆಂಟಿಬಯೋಟಿಕ್ ಬರೆದು ಕಳಿಸಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ.

ಹಾಗಾಗದಂತೆ ತಡೆದವರು ರಕ್ತದೊತ್ತಡ ನೋಡುತ್ತಿದ್ದ ನರ್ಸ್. ಆ ಬಿಸಿಲಿನಲ್ಲೂ ಆಕೆ ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು, ದನಿ ಒಡೆದಿತ್ತು. ಕೇಳಿದರೆ, "ಕಾಯಿ ಘಾಟ್ರಿ ಸಿಸ್ಟರ್, ಗಂಟ್ಲಾ ಬಿದ್ದೈತಿ" ಎಂದಳು. ಅಲ್ಲಿ ಎಲ್ಲರೂ ಒಪ್ಪುವ ಉತ್ತರ. ಮೆಣಸಿನಕಾಯಿ ರಾಶಿಯ ಮುಂದೆ ಕೂತವರಿಗೆ ಕೆಮ್ಮು, ಸೀನು, ಗಂಟಲು ಕಟ್ಟುವುದು ದಿನದ ಮಾತು. ಆದರೆ ಘಾಟಿಗೆ ಕಣ್ಣು ಮೂಗು ಸುರಿಯುತ್ತವೆ. ಈಕೆಗೆ ಅವೆರಡೂ ಒಣಗಿದ್ದವು. ಎಂಜಲು ನುಂಗುವಾಗ ಮಾತ್ರ ಮುಖ ಕಿವುಚಿಕೊಳ್ಳುತ್ತಿದ್ದಳು. ನರ್ಸ್ ನೆಗೆಣ್ಣಿಯನ್ನು ರಕ್ತಪರೀಕ್ಷೆಯ ಚೀಟಿ ಮಾಡಿಸಲು ಕಳಿಸಿ, ಈಕೆಯನ್ನು ಇಂಜೆಕ್ಷನ್ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

ಜೊತೆಗೆ ಬಂದವರು ಎಷ್ಟೇ ಪ್ರೀತಿಯವರಿರಲಿ, ಅವರ ಎದುರು ಈ ಪ್ರಶ್ನೆ ಕೇಳಬಾರದು. ಕೇಳಿದ ರೀತಿಯೂ ಮುಖ್ಯ. "ತಂಗೀ, ನಿನಗ ಯಾರರ ತ್ರಾಸು ಕೊಟ್ಟಾರೇನು? ಮೈಮ್ಯಾಲೆ ಕೈ ಹಾಕ್ಯಾರೇನು?" ಎಂದು ಕೇಳಿ ಸುಮ್ಮನಾದರು. ಈ ಹೊತ್ತಿನಲ್ಲಿ ಬಹಳ ಸಿಬ್ಬಂದಿ ಮಾಡುವ ತಪ್ಪು ಎಂದರೆ, "ಇದು ಯಾರಿಗೂ ಗೊತ್ತಾಗಂಗಿಲ್ಲ" ಎಂದು ಮಾತು ಕೊಡುವುದು. ಪೊಲೀಸರಿಗೆ ಮಾಹಿತಿ ಕಳಿಸುವುದು ಆಸ್ಪತ್ರೆಯ ಮೇಲಿನ ಕಾನೂನುಬದ್ಧ ಹೊಣೆ. ಆಮೇಲೆ ಕಾನ್‌ಸ್ಟೇಬಲ್ ಬಂದು ನಿಂತರೆ ಆಕೆ ಮತ್ತೆಂದೂ ಆಸ್ಪತ್ರೆಯನ್ನು ನಂಬುವುದಿಲ್ಲ. ಈ ನರ್ಸ್ ಹೇಳಿದ್ದು ಸರಿಯಾಗಿತ್ತು: "ನಿನ್ನ ಮನಿಯವ್ರಿಗೆ ನಾವು ಹೇಳಂಗಿಲ್ಲ. ಪೊಲೀಸರಿಗೆ ಒಂದ್ ಚೀಟಿ ಕಳಸೂದು ಕಾಯ್ದೆ ಐತಿ. ಆದ್ರ ಹೇಳಿಕಿ ಕೊಡೂದು ಬಿಡೂದು ನಿನ್ನ ಕೈಯಾಗೈತಿ. ನೀ ಏನ ಅಂದ್ರೂ ಔಷಧ ನಿಲ್ಲಂಗಿಲ್ಲ."

ಆಕೆ ಹೇಳಿದ್ದು ಇಷ್ಟು: ಭಾನುವಾರ ಸಂಜೆ ಏಳೂವರೆಯ ಸುಮಾರಿಗೆ, ಕೆಲಸ ಮುಗಿದ ಮೇಲೆ, ಕೂಲಿ ಹೆಂಗಸರನ್ನು ಟಂಟಂನಲ್ಲಿ ಕರೆತರುತ್ತಿದ್ದ ಮೇಸ್ತ್ರಿ. ಕೂಲಿಯ ಲೆಕ್ಕ ಮಾಡುವ ನೆಪ. ಅಷ್ಟು ಸಾಕು. ಆರೈಕೆಗೆ ಬೇಕಾದದ್ದನ್ನು ಮಾತ್ರ ಕೇಳಬೇಕು. ಪೂರ್ತಿ ಕಥೆಯನ್ನು ಮೂರು ಸಲ ಮೂರು ಜನರೆದುರು ಹೇಳಿಸುವುದು ಆಕೆಗೆ ಇನ್ನೊಂದು ಪೆಟ್ಟು. ಹೊತ್ತು ಲೆಕ್ಕ ಹಾಕಿದರೆ 63 ಗಂಟೆ ಕಳೆದಿದ್ದವು. ಎಚ್‌ಐವಿ ತಡೆಯುವ ಔಷಧ ಶುರು ಮಾಡಲು ಇರುವ ಕಡೆಯ ಗಡುವು 72 ಗಂಟೆ. ಉಳಿದದ್ದು ಒಂಬತ್ತು.

ಮೊದಲು ಕುತ್ತಿಗೆ

ಲೈಂಗಿಕ ಹಿಂಸೆ ಎಂದ ಕೂಡಲೇ ವೈದ್ಯರ ಗಮನ ಜನನಾಂಗದ ಕಡೆ ಹೋಗುತ್ತದೆ. ಆದರೆ ಈ ಪ್ರಕರಣದಲ್ಲಿ ಜೀವಕ್ಕೆ ಅಪಾಯವಿದ್ದದ್ದು ಕುತ್ತಿಗೆಯಲ್ಲಿ. ವೈದ್ಯೆ ನೇರವಾಗಿ ಕೇಳಿದರು: ಕುತ್ತಿಗೆ ಹಿಸುಕಿದ್ದನೇ? ಕಣ್ಣಿಗೆ ಕತ್ತಲೆ ಬಂತೇ? ಆ ಹೊತ್ತಿನಲ್ಲಿ ಉಚ್ಚೆ ಹೋಗಿತ್ತೇ? ಕೊನೆಯ ಪ್ರಶ್ನೆಗೆ ಆಕೆ ತಲೆ ತಗ್ಗಿಸಿ ಹೌದೆಂದಳು. ಮೂರು ದಿನಗಳಿಂದ ಅದನ್ನು ತನ್ನ ನಾಚಿಕೆಗೇಡು ಎಂದುಕೊಂಡು ಒಳಗೇ ಇಟ್ಟುಕೊಂಡಿದ್ದಳು. ಅದು ನಾಚಿಕೆಯ ಮಾತೇ ಅಲ್ಲ. ಮೆದುಳಿಗೆ ರಕ್ತ ನಿಂತು ಪ್ರಜ್ಞೆ ತಪ್ಪಿದ್ದಕ್ಕೆ ದೇಹ ಉಳಿಸಿದ ಗುರುತು. ಹಾಗೆಂದು ವಿವರಿಸಿದಾಗ ಆಕೆ ಮೊದಲ ಸಲ ಅತ್ತಳು.

ಕತ್ತು ಹಿಸುಕಿದವರಲ್ಲಿ ಅರ್ಧಕ್ಕರ್ಧ ಜನರಿಗೆ ಹೊರಗೆ ಗುರುತೇ ಕಾಣದೆ ಹೋಗಬಹುದು. ನೋಡಬೇಕಾದ್ದು ಕಣ್ಣಿನ ಬಿಳಿ ಭಾಗದಲ್ಲಿ, ರೆಪ್ಪೆಯ ಒಳಮಗ್ಗುಲಲ್ಲಿ, ಕಿವಿಯ ಹಿಂದೆ, ಬಾಯಿಯ ಅಂಗುಳದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ದನಿ ಒಡೆಯುವುದು, ನುಂಗಲು ನೋವು, ಉಸಿರಾಡುವಾಗ ಸದ್ದು. ಈಕೆಗೆ ಎಡಗಣ್ಣಲ್ಲಿ ಚುಕ್ಕೆಗಳಿದ್ದವು, ಸೆರಗು ಸರಿಸಿದರೆ ದವಡೆಯ ಕೆಳಗೆ ಎರಡು ಕಂದುಗಟ್ಟಿದ ಕಲೆಗಳು. ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿದ್ದರೆ ದಿನಗಳ ನಂತರವೂ ಪಾರ್ಶ್ವವಾಯು ಬಡಿಯಬಹುದು. ದನಿಪೆಟ್ಟಿಗೆಯ ಊತ ಏರಿದರೆ ಉಸಿರು ಕಟ್ಟುತ್ತದೆ. ಪ್ರಜ್ಞೆ ತಪ್ಪಿದ್ದು, ದನಿ ಬದಲಾದದ್ದು, ಚುಕ್ಕೆಗಳು ಇವುಗಳಲ್ಲಿ ಒಂದಿದ್ದರೂ ಕುತ್ತಿಗೆಯ ಸಿ.ಟಿ. ಆಂಜಿಯೋಗ್ರಾಂ (ರಕ್ತನಾಳ ತೋರಿಸುವ ಸ್ಕ್ಯಾನ್) ಬೇಕು. ಅದಕ್ಕೆ ಸುಮಾರು 75 ಕಿಲೋಮೀಟರ್ ದೂರದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ, ಜನರ ಬಾಯಲ್ಲಿನ ಕಿಮ್ಸ್‌ಗೆ ಕಳಿಸುವುದೆಂದು ಆಯಿತು. ಆದರೆ ಕಳಿಸುವ ಮೊದಲು ಇಲ್ಲಿಯೇ ಮುಗಿಸಬೇಕಾದದ್ದಿತ್ತು.

ಇಲ್ಲಿ ಕೊಟ್ಟ ಔಷಧ

ಎಚ್‌ಐವಿ ತಡೆ ಮಾತ್ರೆಯ ಮೊದಲ ಡೋಸ್ ಕೂಡಲೇ ಕೊಟ್ಟರು: ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು, 28 ದಿನ. ಎರಡು ಗಂಟೆಯೊಳಗೆ ಸಿಕ್ಕರೆ ಅತ್ಯುತ್ತಮ. 72 ಗಂಟೆ ದಾಟಿದರೆ ಕೊಡುವುದರಲ್ಲಿ ಅರ್ಥವಿಲ್ಲ. ಇಲ್ಲಿ ಎಡವುವ ಜಾಗ ಒಂದೇ. "ಐ.ಸಿ.ಟಿ.ಸಿ. (ಎಚ್‌ಐವಿ ಪರೀಕ್ಷಾ ಕೇಂದ್ರದ) ಟೆಕ್ನಿಷಿಯನ್ ಊಟಕ್ಕೆ ಹೋಗಿದ್ದಾರೆ, ಪರೀಕ್ಷೆ ಆಗಲಿ, ಕೌನ್ಸೆಲಿಂಗ್ ಆಗಲಿ" ಎಂದು ಕಾಯಿಸುವುದು. ಮೊದಲ ಮಾತ್ರೆ ಯಾವ ವರದಿಗೂ ಕಾಯುವಂತಿಲ್ಲ. ರಕ್ತ ತೆಗೆದುಕೊಂಡು, ಮಾತ್ರೆ ನುಂಗಿಸಿ, ಫಲಿತಾಂಶ ಬಂದ ಮೇಲೆ ಮುಂದಿನದನ್ನು ನೋಡಬೇಕು.

ರಕ್ತದಲ್ಲಿ ನೋಡಿದ್ದು ಎಚ್‌ಐವಿ, ಹೆಪಟೈಟಿಸ್ ಬಿ, ವಿ.ಡಿ.ಆರ್.ಎಲ್. (ಸಿಫಿಲಿಸ್ ಪರೀಕ್ಷೆ), ಹಿಮೋಗ್ಲೋಬಿನ್, ಕ್ರಿಯಾಟಿನಿನ್. ಕ್ರಿಯಾಟಿನಿನ್ ಏಕೆಂದರೆ ಟೆನೊಫೊವಿರ್ ಕಿಡ್ನಿಯ ಮೂಲಕ ಹೋಗುತ್ತದೆ. ಕಿಡ್ನಿ ಕುಂದಿದ್ದರೆ ಬೇರೆ ಔಷಧ ಬೇಕು. ಹೆಪಟೈಟಿಸ್ ಬಿ ಏಕೆಂದರೆ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ವೈರಾಣುವನ್ನೂ ಅದುಮಿಡುತ್ತವೆ. ಮೊದಲೇ ಹೆಪಟೈಟಿಸ್ ಬಿ ಇದ್ದವರಲ್ಲಿ 28 ದಿನಕ್ಕೆ ಮಾತ್ರೆ ನಿಲ್ಲಿಸಿದಾಗ ಯಕೃತ್ತಿನ ಉರಿಯೂತ ಒಮ್ಮೆಲೇ ಕೆರಳಬಹುದು. ಈಕೆಗೆ ಇರಲಿಲ್ಲ. ಲಸಿಕೆಯ ಮೊದಲ ಡೋಸ್ ಹಾಕಿದರು, ಉಳಿದೆರಡು ಒಂದನೇ ಮತ್ತು ಆರನೇ ತಿಂಗಳಿಗೆ.

ಗರ್ಭನಿರೋಧದ ವಿಷಯದಲ್ಲಿ ಮೊದಲು ಕೇಳಬೇಕಾದದ್ದು, "ಆಪರೇಷನ್ ಆಗೈತೇನು?" ಎಂದು. ಈ ಭಾಗದಲ್ಲಿ ಮೂವತ್ತು ದಾಟಿದ ಬಹಳ ಹೆಂಗಸರಿಗೆ ಆಗಿರುತ್ತದೆ. ಈಕೆಗೆ ಆಗಿರಲಿಲ್ಲ, ಹಾಕಿದ್ದ ಕಾಪರ್-ಟಿಯನ್ನು ಮುಟ್ಟು ಜಾಸ್ತಿಯೆಂದು ತೆಗೆಸಿದ್ದಳು. ಐದು ದಿನದೊಳಗೆ ಕಾಪರ್-ಟಿ ಹಾಕುವುದು ಎಲ್ಲಕ್ಕಿಂತ ಪರಿಣಾಮಕಾರಿ ತುರ್ತು ವಿಧಾನ. ಅದನ್ನು ತಿಳಿಸಿದರು. ಈ ಸ್ಥಿತಿಯಲ್ಲಿ ಬೇಡ ಎಂದಳು. ಆ ಮಾತಿಗೆ ಬೆಲೆ ಕೊಟ್ಟು ಲೆವೊನೊರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಒಂದೇ ಸಲಕ್ಕೆ ಕೊಟ್ಟರು. ಹೊತ್ತಾದಷ್ಟೂ ಇದರ ಬಲ ಕುಗ್ಗುತ್ತದೆ, ಆದರೂ ಐದು ದಿನದವರೆಗೆ ಕೊಡಬಹುದು. ನುಂಗಿದ ಎರಡು-ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಕೊಡಬೇಕು.

ವಾಂತಿಯ ಭಯ ಬರೀ ಮಾತಲ್ಲ. ಖಾಲಿ ಹೊಟ್ಟೆಗೆ ಇಷ್ಟೆಲ್ಲ ಒಟ್ಟಿಗೆ ಬಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಹೊರಬರುತ್ತದೆ. ಅದಕ್ಕೇ ಮೊದಲು ಒಂಡಾನ್ಸೆಟ್ರಾನ್ 4 ಮಿ.ಗ್ರಾಂ, ನುಂಗಲು ನೋವಿದ್ದ ಕಾರಣ ತಣ್ಣಗಿನ ಗಂಜಿ, ಆಮೇಲೆ ಮಾತ್ರೆಗಳು. ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾಕ್ಕೆ ಸೆಫ್ಟ್ರಿಯಾಕ್ಸೋನ್ 500 ಮಿ.ಗ್ರಾಂ ಸ್ನಾಯುವಿಗೆ ಚುಚ್ಚುಮದ್ದು. ಕ್ಲಮೈಡಿಯಾಕ್ಕೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ, 7 ದಿನ. ಗರ್ಭಿಣಿಯಾಗಿದ್ದರೆ ಅದರ ಬದಲು ಅಜಿಥ್ರೋಮೈಸಿನ್ 1 ಗ್ರಾಂ ಒಂದೇ ಸಲ. ಮೆಟ್ರೊನಿಡಜೋಲ್ 400 ಮಿ.ಗ್ರಾಂ ದಿನಕ್ಕೆರಡು ಸಲ 7 ದಿನ, ಅದನ್ನು ಮಾತ್ರ ಮಾರನೇ ದಿನದಿಂದ ಶುರು ಮಾಡಲು ಹೇಳಿದರು. ಮೊಣಕೈ ತರಚಿದ್ದರಿಂದ ಧನುರ್ವಾಯು ತಡೆಯುವ ಟಿ.ಡಿ. ಇಂಜೆಕ್ಷನ್.

ಒಂದು ಸಣ್ಣ ಸಂಗತಿ, ಬಹಳ ಕಡೆ ತಪ್ಪಿಹೋಗುವಂಥದ್ದು. ಆಕೆಯ ಹಿಮೋಗ್ಲೋಬಿನ್ 8.4 ಇತ್ತು, ಕಬ್ಬಿಣದ ಮಾತ್ರೆ ಮೊದಲಿಂದಲೂ ನಡೆದಿತ್ತು. ಕಬ್ಬಿಣ, ಕ್ಯಾಲ್ಸಿಯಂ, ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆಸಿಡಿಟಿಯ ಔಷಧ ಇವು ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಡಾಕ್ಸಿಸೈಕ್ಲಿನ್‌ಗೂ ಇದೇ ಗತಿ. ಆದ್ದರಿಂದ ಮೊದಲ ಏಳು ದಿನ ಕಬ್ಬಿಣದ ಮಾತ್ರೆ ನಿಲ್ಲಿಸಿದರು. ಎಂಟನೇ ದಿನದಿಂದ ಎಚ್‌ಐವಿ ತಡೆ ಮಾತ್ರೆ ಮುಂಜಾನೆ 8ಕ್ಕೆ, ಕಬ್ಬಿಣದ್ದು ಮಧ್ಯಾಹ್ನ ಊಟದ ನಂತರ 2ಕ್ಕೆ. ಕಬ್ಬಿಣಕ್ಕಿಂತ ಡೊಲುಟೆಗ್ರಾವಿರ್ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ನಂತರ ಎಂಬುದು ಲೆಕ್ಕ. ಡಾಕ್ಸಿಸೈಕ್ಲಿನ್ ನುಂಗಿ ಕೂಡಲೇ ಮಲಗಿದರೆ ಅನ್ನನಾಳ ಹುಣ್ಣಾಗುತ್ತದೆ. ಗಂಟಲು ಮೊದಲೇ ಊದಿದವಳಿಗೆ ಇದನ್ನು ಎರಡು ಸಲ ಹೇಳಬೇಕಾಯಿತು: ತುಂಬಿದ ಲೋಟ ನೀರು, ಅರ್ಧ ಗಂಟೆ ಕೂತಿರುವುದು.

ಮಾತ್ರೆಯ ಡಬ್ಬಿ ಇನ್ನೊಂದು ಸಮಸ್ಯೆ. ಎಚ್‌ಐವಿ ಔಷಧದ ಡಬ್ಬಿಯನ್ನು ಹಳ್ಳಿಗಳಲ್ಲಿ ಈಗ ಜನ ಗುರುತಿಸುತ್ತಾರೆ. ಮೇಲಿನ ಲೇಬಲ್ಲಿಗೆ ಬಿಳಿ ಕಾಗದ ಅಂಟಿಸಿ "ದಿನಾ ಮುಂಜಾನೆ 1" ಎಂದು ಬರೆದುಕೊಟ್ಟರು.

ಪರೀಕ್ಷೆ ಮತ್ತು ಸಾಕ್ಷ್ಯ

ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಒಪ್ಪಿಗೆಯನ್ನು ಬಿಡಿ ಬಿಡಿಯಾಗಿ ಕೇಳಬೇಕೆಂದಿದೆ: ಚಿಕಿತ್ಸೆಗಾಗಿ ಪರೀಕ್ಷೆ, ಕಾನೂನಿಗಾಗಿ ಪರೀಕ್ಷೆ, ಮಾದರಿ ಸಂಗ್ರಹ, ಪೊಲೀಸರಿಗೆ ಮಾಹಿತಿ. ಒಂದಕ್ಕೆ ಹೂಂ ಅಂದು ಇನ್ನೊಂದಕ್ಕೆ ಬೇಡ ಅನ್ನಬಹುದು, ನಡುವೆ ಮನಸ್ಸು ಬದಲಿಸಬಹುದು. ಈಕೆ ಮೊದಲ ಮೂರಕ್ಕೆ ಒಪ್ಪಿದಳು, ಪೊಲೀಸರು ಬೇಡ ಎಂದಳು. ಆಸ್ಪತ್ರೆ ಎಂ.ಎಲ್.ಸಿ. (ಕಾನೂನು ಸಂಬಂಧಿ ವೈದ್ಯಕೀಯ ಪ್ರಕರಣ) ಎಂದು ದಾಖಲಿಸಿ, ಠಾಣೆಗೆ ಹೋಗುವ ಸೂಚನೆಯ ಮೇಲೆ, ವಿಷಯ ತಿಳಿದೇ ಆಕೆ ಸದ್ಯ ಒಪ್ಪಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಎಫ್.ಐ.ಆರ್. ತಂದರೆ ಮಾತ್ರ ನೋಡುತ್ತೇವೆ ಎನ್ನಲು ಯಾವ ಆಸ್ಪತ್ರೆಗೂ, ಖಾಸಗಿಯವರಿಗೂ, ಹಕ್ಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಂತೆ ಉಚಿತವಾಗಿ, ಕೂಡಲೇ ಚಿಕಿತ್ಸೆ ಕೊಡಬೇಕು. ನಿರಾಕರಿಸಿದರೆ ನ್ಯಾಯ ಸಂಹಿತೆಯ 200ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ.

ಆಕೆ ಅಷ್ಟರಲ್ಲಿ ಮೂರು ಸಲ ಮೈತೊಳೆದುಕೊಂಡಿದ್ದಳು. "ಸ್ನಾನ ಆಗಿದೆ, ಇನ್ನೇನು ಸಿಗುತ್ತದೆ" ಎಂದು ಕೈಬಿಡುವುದು ಸರಿಯಲ್ಲ. ವೀರ್ಯಾಣು 72 ಗಂಟೆಯವರೆಗೆ ಸಿಗಬಹುದು, ಉಳಿದ ಮಾದರಿಗಳನ್ನು 96 ಗಂಟೆಯವರೆಗೂ ತೆಗೆದುಕೊಳ್ಳಬೇಕು. ಕ್ರಿಮಿಶುದ್ಧ ಮಾಡಿದ ನೀರಿನಲ್ಲಿ ತೇವ ಮಾಡಿದ ಹತ್ತಿಕಡ್ಡಿಯಿಂದ ಪ್ರತಿ ಜಾಗದ ಎರಡೆರಡು ಮಾದರಿ, ನೆರಳಿನಲ್ಲಿ ಒಣಗಿಸಿ ಮುಚ್ಚುವುದು. ಸೀರೆ ಒಗೆದಾಗಿತ್ತು. ಲಂಗವನ್ನು ಮಾತ್ರ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಹಿತ್ತಲಲ್ಲಿ ಇಟ್ಟಿದ್ದಳು, ಅದನ್ನು ನೆಗೆಣ್ಣಿಯಿಂದ ತರಿಸಿಕೊಟ್ಟಳು. ಪ್ಲಾಸ್ಟಿಕ್ಕಿನಲ್ಲಿ ತೇವ ಕೂತು ಬೂಷ್ಟು ಹಿಡಿಯುತ್ತದೆ, ಡಿ.ಎನ್.ಎ. ಹಾಳಾಗುತ್ತದೆ. ಬಟ್ಟೆಯನ್ನು ಗಾಳಿಗೆ ಒಣಗಿಸಿ, ಕಲೆಯ ಭಾಗ ಬೇರೆ ಭಾಗಕ್ಕೆ ತಾಗದಂತೆ ನಡುವೆ ಕಾಗದವಿಟ್ಟು ಮಡಚಿ, ಒಂದೊಂದನ್ನು ಒಂದೊಂದು ಕಾಗದದ ಲಕೋಟೆಯಲ್ಲಿ ಹಾಕಿದರು. ಒಗೆದ ಸೀರೆಯನ್ನೂ ಕೂಡ. ಒಗೆದ ಬಟ್ಟೆಯಿಂದಲೂ ಡಿ.ಎನ್.ಎ. ಸಿಕ್ಕುವುದುಂಟು.

ಜನನಾಂಗದ ಹಿಂಬದಿಯಲ್ಲಿ ಅರ್ಧ ಸೆಂ.ಮೀ. ಸೀಳು ಮಾಯುತ್ತಿತ್ತು. ತೊಡೆಯ ಒಳಭಾಗ ಮುಟ್ಟಿದರೆ ನೋವು, ಕಲೆ ಇಲ್ಲ. ಆಳದ ಕಂದು ಮೇಲೆ ಕಾಣಲು ಎರಡು ದಿನ ಹಿಡಿಯಬಹುದಾದ್ದರಿಂದ ಮತ್ತೆ ನೋಡಬೇಕೆಂದು ಬರೆದಿಟ್ಟರು. ಎರಡು ಬೆರಳಿನ ಪರೀಕ್ಷೆ ಮಾಡಲಿಲ್ಲ. ಅದು ಘನತೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು, 2022ರ ಅಕ್ಟೋಬರಿನಲ್ಲಿ ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದೇ ಪರಿಗಣಿಸಬೇಕೆಂದಿತು. ಆದರೂ "ಲೈಂಗಿಕ ಸಂಪರ್ಕ ರೂಢಿಯಿದೆ" ಎಂಬ ಹಳೆಯ ಸಾಲು ಕೆಲವು ವರದಿಗಳಲ್ಲಿ ಇನ್ನೂ ನುಸುಳುತ್ತದೆ. ಇಬ್ಬರು ಮಕ್ಕಳ ತಾಯಿಯ ವರದಿಯಲ್ಲಿ ಅದಕ್ಕೆ ಏನರ್ಥ? ಪ್ರತಿವಾದಿ ವಕೀಲರಿಗೆ ಆಯುಧ ಕೊಟ್ಟ ಹಾಗೆ, ಅಷ್ಟೇ. ಬರೆಯಬೇಕಾದ್ದು ಬೇರೆ: ಗಾಯ ಕಡಿಮೆ ಇರುವುದಕ್ಕೆ ಕತ್ತು ಹಿಸುಕಿ ಪ್ರಜ್ಞೆ ತಪ್ಪಿದ್ದು, ಬೆದರಿಕೆ, 63 ಗಂಟೆಯ ವಿಳಂಬ ಕಾರಣವಾಗಿರಬಹುದು, ಗಾಯವಿಲ್ಲ ಎಂಬುದು ಹಿಂಸೆಯನ್ನು ತಳ್ಳಿಹಾಕುವುದಿಲ್ಲ ಎಂದು.

ಮಧ್ಯಾಹ್ನ ಮೂರಕ್ಕೆ 108ರಲ್ಲಿ ಹುಬ್ಬಳ್ಳಿಗೆ. ಜೊತೆಗಿದ್ದ ಪತ್ರದಲ್ಲಿ ಪ್ರತಿ ಔಷಧ ಕೊಟ್ಟ ಗಂಟೆ ಇತ್ತು. ಜನನಾಂಗದ ಪರೀಕ್ಷೆ ಮುಗಿದಿದೆ, ಚಿಕಿತ್ಸೆಗೆ ಅಗತ್ಯವಿಲ್ಲದೆ ಮತ್ತೆ ಮಾಡಬೇಡಿ ಎಂಬ ಒಂದು ಸಾಲೂ ಇತ್ತು. ಆ ಒಂದು ಸಾಲು ಇಲ್ಲದೆ ಒಂದೇ ದಿನದಲ್ಲಿ ಎರಡು ಸಲ ಪರೀಕ್ಷೆಗೆ ಮಲಗಿದವರಿದ್ದಾರೆ. ಮನೆಯವರಿಗೆ ಹೇಳಿದ್ದು ಗಂಟಲು ಊದಿದೆ, ಸ್ಕ್ಯಾನ್ ಮಾಡಿಸಬೇಕು ಎಂದು. ಅದು ಸುಳ್ಳೂ ಅಲ್ಲ. ಸ್ಕ್ಯಾನಿನಲ್ಲಿ ರಕ್ತನಾಳ ಸರಿಯಿತ್ತು, ದನಿಪೆಟ್ಟಿಗೆಯ ಸುತ್ತ ಊತ. ಒಂದು ದಿನ ನಿಗಾದಲ್ಲಿಟ್ಟು ಕಳಿಸಿದರು.

ಮನೆಗೆ ಹೋದ ಮೇಲೆ

ಹೊರಡುವ ಮೊದಲು ನರ್ಸ್ ಕೇಳಿದ ಇನ್ನೊಂದು ಪ್ರಶ್ನೆ: "ಜೀವ ಬ್ಯಾಡ ಅನಿಸ್ತೈತೇನು? ಮನ್ಯಾಗ ಎಣ್ಣಿ ಐತೇನು?" ಎಣ್ಣಿ ಎಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಮೆಣಸಿನಕಾಯಿ ಬೆಳೆಯುವ ಮನೆಯಲ್ಲಿ ಅದು ಇಲ್ಲದೆ ಇರುವುದಿಲ್ಲ, ಎಷ್ಟೋ ಕಡೆ ಅಡುಗೆಮನೆಯ ಅಟ್ಟದ ಮೇಲೇ ಇರುತ್ತದೆ. ಸಾಯುವ ಯೋಚನೆಯ ಬಗ್ಗೆ ನೇರ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಬರುತ್ತದೆ. ಸೋಮವಾರ ರಾತ್ರಿ ಬಾಟಲಿ ಕೈಗೆ ತೆಗೆದುಕೊಂಡು ಇಟ್ಟಿದ್ದೆ ಎಂದಳು. ಆಕೆಯ ಒಪ್ಪಿಗೆಯಿಂದ ನೆಗೆಣ್ಣಿಗೆ ಅಷ್ಟು ಮಾತ್ರ ತಿಳಿಸಿದರು. ನೆಗೆಣ್ಣಿ ಅದೇ ದಿನ ಎಣ್ಣಿಯನ್ನೆಲ್ಲ ಹೊಲದ ಮನೆಗೆ ಸಾಗಿಸಿ ಬೀಗ ಹಾಕಿದಳು. ಆ ವಾರ ಯಾವ ಮಾತ್ರೆ ಮಾಡಿದ ಕೆಲಸಕ್ಕೂ ಇದು ಕಡಿಮೆಯಲ್ಲ.

ಎರಡನೇ ದಿನದ ಮರುಭೇಟಿ ಹುಬ್ಬಳ್ಳಿಯಲ್ಲೇ ಆಯಿತು. ಎರಡನೇ ವಾರದ್ದು ತಪ್ಪಿತು. ಫೋನ್ ಇರುವುದು ಗಂಡನ ಹತ್ತಿರ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸಬಹುದಿತ್ತು, ಆದರೆ ಅದೇ ಊರಿನ, ಅದೇ ಓಣಿಯವರು. ಮೊದಲೇ ಗೊತ್ತು ಮಾಡಿಕೊಂಡ ಹಾಗೆ, "ರಕ್ತ ಕಡಿಮಿ ಐತಿ, ತಪಾಸಣಿಗೆ ಬರ್ರಿ" ಎಂದು ಗಂಡನ ಫೋನಿಗೇ ಮಾಡಿದರು. ಗಂಡನೇ ಬೈಕಿನಲ್ಲಿ ಕರೆತಂದ.

ಬಂದಾಗ ಗೊತ್ತಾಯಿತು, ಆರನೇ ದಿನ ಎಚ್‌ಐವಿ ತಡೆ ಮಾತ್ರೆ ಬಿಟ್ಟು, ಏಳನೇ ದಿನ ಮತ್ತೆ ಶುರು ಮಾಡಿದ್ದಳು. ರಾತ್ರಿ ನುಂಗುತ್ತಿದ್ದಳು, ನಿದ್ದೆ ಹತ್ತುತ್ತಿರಲಿಲ್ಲ. ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತದೆ, ಆಘಾತವೂ ಕೆಡಿಸುತ್ತದೆ. ಯಾವುದು ಯಾವುದೆಂದು ಬಿಡಿಸಲು ಸುಲಭದ ದಾರಿ ಮಾತ್ರೆಯನ್ನು ಹೇಳಿದಂತೆ ಮುಂಜಾನೆಗೇ ನುಂಗುವುದು. ಹಾಗೆ ಬದಲಿಸಿದ ಮೇಲೆ ರಾತ್ರಿ ನಾಲ್ಕು ತಾಸು ನಿದ್ದೆ ಬರತೊಡಗಿತು. ಮೂರು ಗಂಟೆಗೆ ಎಚ್ಚರವಾಗಿ ಮೈ ಬೆವರುವುದು ಮಾತ್ರ ಉಳಿಯಿತು. ಅದು ಮಾತ್ರೆಯದಲ್ಲ. ನಡುವೆ ಹೊರಗಿನ ಒಬ್ಬರು ಬರೆದುಕೊಟ್ಟಿದ್ದ ಆಲ್ಪ್ರಜೋಲಾಂ ಬ್ಯಾಗಿನಲ್ಲಿತ್ತು. ಆಘಾತದ ಮೊದಲ ತಿಂಗಳಲ್ಲಿ ಈ ಗುಂಪಿನ ನಿದ್ರೆಮಾತ್ರೆ ಕೊಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಟ ಹತ್ತುತ್ತದೆ, ಮನಸ್ಸಿನ ಚೇತರಿಕೆಗೆ ನೆರವಾಗುವುದಿಲ್ಲ. ನಡೆದದ್ದನ್ನೆಲ್ಲ ಒಂದೇ ಸಲ ಕಕ್ಕಿಸುವ ಕೌನ್ಸೆಲಿಂಗೂ ಬೇಡ. ಕೇಳುವುದು, ನಂಬುವುದು, ಸುರಕ್ಷಿತ ಜಾಗ ನೋಡುವುದು, ಮುಂದೆ ಬರಲು ದಿನ ಕೊಡುವುದು. ಮೊದಲ ವಾರಗಳಲ್ಲಿ ಇಷ್ಟೇ ಸಾಕು, ಬಹಳ ಜನ ಇಷ್ಟರಲ್ಲೇ ಮೇಲೇಳುತ್ತಾರೆ.

ಗಂಡನ ವಿಷಯ ಕಠಿಣ. ಎಚ್‌ಐವಿ ಮರುಪರೀಕ್ಷೆಗಳು ಮುಗಿಯುವ ತನಕ ನಿರೋಧ್ ಬೇಕು, ಆದರೆ ಏನೆಂದು ಹೇಳುವುದು? ಒಳಗೆ ಸೋಂಕಿಗೆ ಔಷಧ ನಡೆದಿದೆ, ಸದ್ಯ ದೂರ ಇರಬೇಕು ಎಂದು ವೈದ್ಯೆಯೇ ಇಬ್ಬರಿಗೂ ಹೇಳಿದರು. ಜೊತೆಗೆ ಆಕೆಯೊಬ್ಬಳನ್ನೇ ಮನೆಯೊಳಗಿನ ಸ್ಥಿತಿಯನ್ನೂ ಕೇಳಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರಲ್ಲಿ ಕರ್ನಾಟಕದ 18–49ರ ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಶೇ 44.4ರಷ್ಟು ಜನ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹೊರಗಿನ ಹಿಂಸೆಯ ನಂತರ ಮನೆಯೇ ಸುರಕ್ಷಿತ ಎಂದು ಹಿಡಿದುಕೊಳ್ಳಲು ಬರುವುದಿಲ್ಲ. ಈಕೆಯ ಗಂಡ ಕೈ ಎತ್ತುವವನಲ್ಲ. ಮೂರನೇ ವಾರ ಆಕೆಯೇ ನೆಗೆಣ್ಣಿಯನ್ನು ಕೂರಿಸಿಕೊಂಡು ಅವನಿಗೆ ಹೇಳಿದಳು.

ಪೊಲೀಸರಿಗೆ ಹೇಳಿಕೆ ಕೊಡುತ್ತೇನೆಂದದ್ದು ಆಮೇಲೆ. ಆಸ್ಪತ್ರೆ ಮುದ್ರೆ ಹಾಕಿ ಬೀಗದಲ್ಲಿಟ್ಟಿದ್ದ ಲಕೋಟೆಗಳು ಆ ದಿನ ರಶೀದಿಯ ಮೇಲೆ ಕೈಬದಲಾದವು. ಮೊದಲ ದಿನ "ಕೇಸು ಬೇಡ ಅಂದಳು" ಎಂದು ಮಾದರಿ ತೆಗೆಯದೆ ಬಿಟ್ಟಿದ್ದರೆ ಈಗ ಕೊಡಲು ಏನೂ ಇರುತ್ತಿರಲಿಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿ, ಆಕೆ ಹೇಳಿದ ಜಾಗದಲ್ಲೇ ಪಡೆಯಬೇಕು. ತವರುಮನೆಯಲ್ಲಿ ಪಡೆದರು. ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರಿ ಕೇಂದ್ರ, ಸಖಿ ಒನ್ ಸ್ಟಾಪ್ ಸೆಂಟರಿನವರು ಜೊತೆಗಿದ್ದರು. 181ಕ್ಕೆ ಕರೆ ಮಾಡಿದರೂ ಇದೇ ಸಂಪರ್ಕ ಸಿಗುತ್ತದೆ.

ಮುಟ್ಟು ಆರು ದಿನ ತಡವಾಗಿ ಬಂತು. ಲೆವೊನೊರ್ಜೆಸ್ಟ್ರೆಲ್ ತೆಗೆದುಕೊಂಡವರಲ್ಲಿ ಇದು ಸಾಮಾನ್ಯ, ಆದರೆ ಒಂದು ವಾರ ಮೀರಿದರೆ ಮೂತ್ರಪರೀಕ್ಷೆ ಮಾಡಲೇಬೇಕು. ಗರ್ಭ ನಿಂತಿದ್ದರೆ 2021ರ ತಿದ್ದುಪಡಿಯ ಪ್ರಕಾರ ಅತ್ಯಾಚಾರಕ್ಕೊಳಗಾದವರಿಗೆ 24 ವಾರದವರೆಗೆ ಗರ್ಭಪಾತದ ಅವಕಾಶವಿದೆ. 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಗಂಡನ ಸಹಿ ಬೇಕಿಲ್ಲ, ವಯಸ್ಕಳ ಒಪ್ಪಿಗೆಯೇ ಸಾಕು.

ಆರನೇ ವಾರದಿಂದ ಆರನೇ ತಿಂಗಳಿಗೆ

ಆರನೇ ವಾರ ಎಚ್‌ಐವಿ, ವಿ.ಡಿ.ಆರ್.ಎಲ್. ನೆಗೆಟಿವ್. ಮನಸ್ಸಿನ ಲಕ್ಷಣ ಮಾತ್ರ ಇಳಿದಿರಲಿಲ್ಲ. ಟಂಟಂ ಸದ್ದಿಗೆ ಕೈನಡುಕ. ಒಣಮೆಣಸಿನಕಾಯಿಯ ವಾಸನೆ ಬಂದರೆ ಎದೆ ಬಡಿತ, ಉಸಿರು ಮೇಲೆ ಮೇಲೆ. ಊರಿಗೆ ಊರೇ ಆ ವಾಸನೆಯಲ್ಲಿರುವ ತಿಂಗಳುಗಳಲ್ಲಿ ಆಕೆ ಎಲ್ಲಿಗೆ ಹೋಗಬೇಕು? ಒಗ್ಗರಣೆ ಹಾಕುವುದನ್ನೂ ಬಿಟ್ಟಿದ್ದಳು, ಮನೆಯಲ್ಲಿ ಅದಕ್ಕೇ ಮಾತು ಬರುತ್ತಿತ್ತು. ಒಂದು ತಿಂಗಳು ಮೀರಿದ ಇಂಥ ಲಕ್ಷಣಗಳಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ರೋಗನಿರ್ಣಯವಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕಿಗೆ ಬರುವ ಮನೋವೈದ್ಯರು ನೋಡಿ ಸರ್ಟ್ರಾಲಿನ್ 25 ಮಿ.ಗ್ರಾಂನಿಂದ ಶುರು ಮಾಡಿ ವಾರದ ನಂತರ 50ಕ್ಕೆ ಏರಿಸಿದರು, ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಚಿಕಿತ್ಸಾ ಮಾತುಕತೆಗೆ ಕಳಿಸಿದರು. ಅಲ್ಲಿ ನಡೆದ ಕೆಲಸವನ್ನು ಹತ್ತಿರದಿಂದ ನೋಡಿದರೆ ಬಹಳ ಸಾದಾ. ಮೊದಲು ಮುಚ್ಚಿದ ಡಬ್ಬಿಯಲ್ಲಿ ಒಂದೇ ಒಂದು ಒಣಮೆಣಸಿನಕಾಯಿ, ಕೋಣೆಯ ಆ ತುದಿಗೆ. ಭಯ ಹತ್ತಕ್ಕೆ ಎಷ್ಟು ಎಂದು ಆಕೆಯೇ ಹೇಳುವುದು. ಅದು ಅರ್ಧಕ್ಕಿಳಿಯುವ ತನಕ ಅಲ್ಲೇ ಕೂರುವುದು. ಮುಂದಿನ ವಾರ ಮುಚ್ಚಳ ತೆರೆದು. ಆಮೇಲೆ ಕೈಯಲ್ಲಿ. ಅವಸರ ಮಾಡಿದರೆ ಹಿಂದಕ್ಕೆ ಹೋಗುತ್ತದೆ, ಒಮ್ಮೆ ಹೋಯಿತು ಕೂಡ: ಗಂಡ ಒಳ್ಳೆಯ ಮನಸ್ಸಿನಿಂದಲೇ ಮಂಡಿಗೆ ಕರೆದೊಯ್ದ ದಿನ. ಊರಿಂದ ಹೋಗಲಾಗದ ವಾರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡುತ್ತಿದ್ದಳು.

ಮೂರನೇ ತಿಂಗಳಿಗೆ ಕಿಬ್ಬೊಟ್ಟೆ ನೋವು ಮತ್ತೆ ಬಂತು. ಮೂತ್ರ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಸ್ಕ್ಯಾನ್ ಸರಿ. ಈ ಘಟ್ಟ ಅಪಾಯದ್ದು. ವರದಿ ಸರಿಯಿದ್ದರೂ ನೋವು ಹೋಗದಿದ್ದಾಗ "ಗರ್ಭಚೀಲ ತೆಗಿಸಿಬಿಡ್ರಿ" ಎಂಬ ಸಲಹೆ ಈ ಸೀಮೆಯಲ್ಲಿ ಸುಲಭವಾಗಿ ಸಿಗುತ್ತದೆ, ಈಕೆಗೂ ಸಿಕ್ಕಿತ್ತು. ನೋವಿದ್ದದ್ದು ಗರ್ಭಕೋಶದಲ್ಲಲ್ಲ. ಹಿಂಸೆಯ ನಂತರ ಶ್ರೋಣಿಯ (ಸೊಂಟದ ಕೆಳಭಾಗದ) ತಳದ ಸ್ನಾಯುಗಳು ಸದಾ ಬಿಗಿಹಿಡಿದು ನಿಲ್ಲುವುದುಂಟು. ಉರಿಮೂತ್ರ, ಸಂಭೋಗದಲ್ಲಿ ನೋವು, ಮಲಬದ್ಧತೆ, ಸೊಂಟನೋವು ಎಲ್ಲ ಅದರಿಂದಲೇ. ಗರ್ಭಕೋಶ ತೆಗೆದರೆ ಬಿಗಿತ ಹಾಗೇ ಉಳಿಯುತ್ತದೆ, ಮೇಲೆ ಇನ್ನೊಂದು ಗಾಯ ಸೇರುತ್ತದೆ. ಪರೀಕ್ಷೆ ಮಾಡಿದ ರೀತಿ ಹೀಗಿತ್ತು: ಕಾಲು ಕಟ್ಟುವ ಮೇಜು ಬೇಡ, ಮಗ್ಗುಲಾಗಿ ಮಲಗುವುದು, "ಸಾಕು" ಎಂದರೆ ಕೈ ತೆಗೆಯುವುದು, ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ನೋಡುವ ಸಾಧನ) ಬೇಕಿದ್ದರೆ ಆಕೆಯೇ ಹಿಡಿದು ಹಾಕಿಕೊಳ್ಳುವುದು. ಒಂದೇ ಬೆರಳಿಗೆ ಎಡಬದಿಯ ಸ್ನಾಯು ಹಗ್ಗದ ಹಾಗೆ ಸಿಕ್ಕಿತು, ಒತ್ತಿದಾಗ "ಇದ ನೋವ್ರಿ" ಎಂದಳು. ಚಿಕಿತ್ಸೆ ನಿಧಾನದ್ದು: ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ, ದಿನಕ್ಕೆರಡು ಸಲ ಹತ್ತು ನಿಮಿಷ ಮೊಣಕಾಲು ಎದೆಗೆ ಎಳೆದುಕೊಂಡು ಹೊಟ್ಟೆಯಿಂದ ಉಸಿರಾಟ, ಬೆಚ್ಚಗಿನ ನೀರಿನಲ್ಲಿ ಕೂರುವುದು. ಬಿಗಿಹಿಡಿಯುವ ವ್ಯಾಯಾಮ ಇಲ್ಲಿ ಹೇಳಿಕೊಡಬಾರದು, ನೋವು ಹೆಚ್ಚುತ್ತದೆ.

ಆರನೇ ತಿಂಗಳ ಭೇಟಿಯಲ್ಲಿ ಎಚ್‌ಐವಿ ಕೊನೆಯ ಪರೀಕ್ಷೆ ನೆಗೆಟಿವ್, ಹೆಪಟೈಟಿಸ್ ಲಸಿಕೆಯ ಮೂರನೇ ಡೋಸ್ ಆಯಿತು, ಹಿಮೋಗ್ಲೋಬಿನ್ 10.6. ನೋವು ಹತ್ತಕ್ಕೆ ಎಂಟಿದ್ದದ್ದು ಮೂರು. ಸರ್ಟ್ರಾಲಿನ್ ಮುಂದುವರಿದಿದೆ, ಚೇತರಿಸಿಕೊಂಡ ಮೇಲೂ ಒಂದು ವರ್ಷದ ತನಕ ಬೇಕಾಗಬಹುದು, ಒಮ್ಮೆಲೇ ಬಿಡುವಂತಿಲ್ಲ. ಮಂಡಿಯ ಕೆಲಸಕ್ಕೆ ಮರಳಿಲ್ಲ, ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದ್ದಾಳೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹೋಗಿದೆ. 2018ರ ರಾಷ್ಟ್ರೀಯ ಯೋಜನೆಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ 4 ಲಕ್ಷ, ಗರಿಷ್ಠ 7 ಲಕ್ಷ ರೂಪಾಯಿ ಇದೆ, ತೀರ್ಪಿಗೆ ಕಾಯಬೇಕಿಲ್ಲ, ಮಧ್ಯಂತರ ಹಣವನ್ನೂ ಕೇಳಬಹುದು. ಅರ್ಜಿಯ ಜೊತೆ ಎಫ್.ಐ.ಆರ್. ಪ್ರತಿ, ವೈದ್ಯಕೀಯ ವರದಿ, ಹುಬ್ಬಳ್ಳಿಗೆ ಓಡಾಡಿದ ಖರ್ಚಿನ ಚೀಟಿಗಳು ಹೋಗಿವೆ. ವೈದ್ಯಕೀಯ ವರದಿಯ ಒಂದು ಪ್ರತಿ ಉಚಿತವಾಗಿ ಪಡೆಯುವುದು ಆಕೆಯ ಹಕ್ಕು. ಕೇಳುವ ಮೊದಲೇ ಕೊಟ್ಟಿದ್ದರು. ವಿಚಾರಣೆ ಇನ್ನೂ ಶುರುವಾಗಿಲ್ಲ. ಆಗುವ ಹೊತ್ತಿಗೆ ಪರೀಕ್ಷೆ ಮಾಡಿದ ವೈದ್ಯೆ ಬೇರೆ ಜಿಲ್ಲೆಗೆ ವರ್ಗವಾಗಿರಬಹುದು, ಸಮನ್ಸ್ ಅಲ್ಲಿಗೆ ಹೋಗುತ್ತದೆ, ವರ್ಷಗಳ ಹಿಂದಿನ ಒಂದು ಬುಧವಾರದ ಬಗ್ಗೆ ಕೇಳುತ್ತಾರೆ. ಆಗ ಕೈಗೆ ಸಿಗುವುದು ಕೇಸ್ ಶೀಟ್ ಒಂದೇ. ಎಡಗಣ್ಣಿನ ಕೆಂಪು ಚುಕ್ಕೆ, ಒಡೆದ ದನಿ, ಉಚ್ಚೆ ಹೋದದ್ದು, ಮೊದಲ ಮಾತ್ರೆ ಕೊಟ್ಟ ಗಂಟೆ, ಇವೆಲ್ಲ ಅದರಲ್ಲಿ ಓದಲು ಬರುವ ಅಕ್ಷರದಲ್ಲಿವೆ.